ಖಾಲಿ ಚಿಪ್ಪಿನ ಲಾಗ್‌ಬುಕ್

ಚೀನಾದ ಗುವಾಂಗ್‌ಶಿಯಲ್ಲಿ ಸುಣ್ಣಕಲ್ಲಿನ ಬಂಡೆಗಳ ಬುಡದ ಮಣ್ಣಲ್ಲಿ ಸಿಕ್ಕಿದ್ದು ಖಾಲಿ ಚಿಪ್ಪು ಮಾತ್ರ. ಜೀವಂತ ಬಸವನಹುಳು ಒಂದೂ ಇಲ್ಲ. ಆದರೂ 2015ರಲ್ಲಿ ಹೊಸ ಪ್ರಭೇದ ಅಂತ ಹೆಸರಿಟ್ಟರು: ಆಂಗುಸ್ಟೊಪಿಲಾ ಡೊಮಿನಿಕೇ. ಎತ್ತರ 0.86 ಮಿಲಿಮೀಟರ್! ಸೂಜಿಯ ಕಣ್ಣೊಳಗೆ ಆರಾಮಾಗಿ ಕೂರುತ್ತೆ.

ಬರೀ ಚಿಪ್ಪು ನೋಡಿ ಹೇಗೆ ಹೇಳ್ತಾರೆ? ಹುಳು ಬೆಳೆದಂತೆ ಚಿಪ್ಪಿನ ಬಾಯಂಚಿಗೆ ಹೊಸ ಸುಣ್ಣ ಸೇರಿಸುತ್ತಾ ಹೋಗುತ್ತೆ, ಹಳೇದನ್ನು ಕೆಡವಲ್ಲ. ಮೊಟ್ಟೆಯೊಳಗಿದ್ದಾಗಿನ ಚಿಪ್ಪೂ ತುದಿಯಲ್ಲಿ ಹಾಗೇ ಇರುತ್ತೆ, ಅಳಿಸದ ಲಾಗ್‌ಬುಕ್ ಥರ. ಸುತ್ತುಗಳೆಷ್ಟು, ಬಾಯಿಯ ಆಕಾರವೇನು, ಅದರೊಳಗೆ ಹಲ್ಲಿನಂಥ ಉಬ್ಬಿದೆಯಾ, ತಳದ ಹೊಕ್ಕುಳು ಎಷ್ಟು ಅಗಲ — ಇವನ್ನೆಲ್ಲ ಗೊತ್ತಿರುವ ಪ್ರಭೇದಗಳ ಜೊತೆ ಹೋಲಿಸುತ್ತಾರೆ. ಕೊನೆಗೆ ಒಂದೇ ಒಂದು ಚಿಪ್ಪು ಆ ಹೆಸರಿನ ಅಧಿಕೃತ ಮಾದರಿಯಾಗಿ ಸಂಗ್ರಹಾಲಯ ಸೇರುತ್ತದೆ.

ತೊಂದರೆ ಇರೋದು ಇಲ್ಲೇ. ಒಂದೇ ಥರದ ಚಿಪ್ಪೊಳಗೆ ಬೇರೆ ಬೇರೆ ಹುಳುಗಳಿರಬಹುದು. ಮೃದುವಾದ ದೇಹ ಸಿಗದೆ ಇದರ ನೆಂಟರು ಯಾರೆಂಬುದು ಬರೀ ಊಹೆ.