ಕಣ್ಣಿಗೊಂದು ರೂಪ, ಯಂತ್ರಕ್ಕೊಂದು ರೂಪ

ಸುದ್ದಗುಂಟೆಪಾಳ್ಯದ ಪಿಜಿಗಳಲ್ಲಿ ರಾತ್ರಿ ಹನ್ನೊಂದಾದರೂ ಲ್ಯಾಪ್‌ಟಾಪ್‌ಗಳು ಮುಚ್ಚುವುದಿಲ್ಲ. ಒಬ್ಬರದು ಕೊನೆಯ ವರ್ಷದ ಪ್ರಾಜೆಕ್ಟ್, ಇನ್ನೊಬ್ಬರದು ಸಂದರ್ಶನದ ತಯಾರಿ. ಕಮಾಂಡ್ ಲೈನ್‌ನಲ್ಲಿ ಓಡುವ ಒಂದು ಪುಟ್ಟ ಪ್ರೋಗ್ರಾಂ ಬಹಳಷ್ಟು ಮಂದಿಯ ಪ್ರಾಜೆಕ್ಟ್‌ನಲ್ಲಿ ಇರುತ್ತದೆ. ಅದು ಏನು ಮಾಡಬೇಕೆಂದು ವಾರಗಟ್ಟಲೆ ಯೋಚಿಸುತ್ತೇವೆ. ಫಲಿತಾಂಶವನ್ನು ಯಾವ ರೂಪದಲ್ಲಿ ಹೊರಗೆ ಕೊಡಬೇಕು ಎಂಬುದಕ್ಕೆ ಮಾತ್ರ ಐದು ನಿಮಿಷವೂ ಕೊಡುವುದಿಲ್ಲ.

ಈ ಭಾಗದ ಪಿಜಿಗಳ ಪಟ್ಟಿ ಕೊಡುವ ಪ್ರೋಗ್ರಾಂ ಬರೆದಿದ್ದೀರಿ ಎಂದುಕೊಳ್ಳಿ. ಹೆಸರು, ಬಡಾವಣೆ, ಬಾಡಿಗೆ ಎಂದು ಮೂರು ಕಾಲಂ, ನಡುನಡುವೆ ಖಾಲಿ ಜಾಗ. ನೋಡಲು ಅಚ್ಚುಕಟ್ಟು. ಈಗ ಸ್ನೇಹಿತನ ಪ್ರೋಗ್ರಾಂ ಇದನ್ನು ಓದಿ ಸರಾಸರಿ ಬಾಡಿಗೆ ಲೆಕ್ಕ ಹಾಕಬೇಕು. ಖಾಲಿ ಜಾಗ ಸಿಕ್ಕಲ್ಲೆಲ್ಲ ಅದು ಸಾಲನ್ನು ತುಂಡು ಮಾಡುತ್ತದೆ. ‘ಸುದ್ದಗುಂಟೆಪಾಳ್ಯ’ ಒಂದೇ ಪದ, ತೊಂದರೆಯಿಲ್ಲ. ‘ಬಿಟಿಎಂ ಲೇಔಟ್’ ಬಂತೋ, ‘ಲೇಔಟ್’ ಹೋಗಿ ಬಾಡಿಗೆಯ ಕಾಲಂನಲ್ಲಿ ಕೂರುತ್ತದೆ.

ಅದು ವಿದ್ಯಾರ್ಥಿವೇತನದ ಪಟ್ಟಿಯಾಗಿದ್ದರೆ? ಇನಿಷಿಯಲ್ ಮತ್ತು ಹೆಸರಿನ ನಡುವೆ ಜಾಗ ಬಿಟ್ಟವರ ಸಾಲುಗಳೆಲ್ಲ ತಪ್ಪಾಗಿ ಓದಲ್ಪಡುತ್ತವೆ. ಪ್ರೋಗ್ರಾಂ ದೂರು ಹೇಳದೆ ಆ ಸಾಲುಗಳನ್ನು ಬಿಟ್ಟು ಮುಂದೆ ಹೋದರೆ, ಹಣ ಬಾರದವರಿಗೆ ಕಾರಣವೂ ತಿಳಿಯುವುದಿಲ್ಲ.

ಖಾಲಿ ಜಾಗದ ಬದಲು ಅಲ್ಪವಿರಾಮ ಹಾಕಿದರೆ ಸಿಎಸ್‌ವಿ. ಆದರೆ ಬೆಂಗಳೂರಿನ ವಿಳಾಸಗಳ ತುಂಬ ಅಲ್ಪವಿರಾಮಗಳೇ. ಅಂಥ ಮೌಲ್ಯವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕೆಂದು 2005ರ ಆರ್‌ಎಫ್‌ಸಿ 4180 ಹೇಳುತ್ತದೆ. ಹಾಗಾಗಿ ಸಾಲನ್ನು ಕೈಯಾರೆ ಜೋಡಿಸದೆ, ನಿಮ್ಮ ಭಾಷೆಯ ಸಿಎಸ್‌ವಿ ಲೈಬ್ರರಿ ಬಳಸಿ. ಇನ್ನೊಂದು ಅಪಾಯವೂ ಇದೆ: ‘12/3’ ಎಂಬ ಮನೆ ನಂಬರ್ ಎಕ್ಸೆಲ್‌ನಲ್ಲಿ ತೆರೆದೊಡನೆ ದಿನಾಂಕವಾಗಿಬಿಡಬಹುದು. ‘ಮಾರ್ಚ್1’, ‘ಸೆಪ್ಟ್1’ ಎಂಬ ಮಾನವ ಜೀನ್‌ಗಳ ಹೆಸರುಗಳು ಹೀಗೆ ದಿನಾಂಕಗಳಾಗುತ್ತಿದ್ದುದರಿಂದ ಹೆಸರುಗಳನ್ನೇ ಬದಲಿಸಬೇಕಾಯಿತು. ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರ ಮಾರ್ಗಸೂಚಿಯಲ್ಲಿ ಇದನ್ನು ವಿವರಿಸಿದೆ.

ಜೇಸನ್‌ನಲ್ಲಿ ಪ್ರತಿ ಮೌಲ್ಯಕ್ಕೂ ಹೆಸರಿರುತ್ತದೆ. ಸಂಖ್ಯೆ ಯಾವುದು, ಪಠ್ಯ ಯಾವುದು ಎಂಬುದೂ ಸ್ಪಷ್ಟ. ಸರಳ ಕೋಷ್ಟಕವಾದರೆ ಸಿಎಸ್‌ವಿ ಸಾಕು. ಒಂದು ಪಿಜಿಯೊಳಗೆ ಹಲವು ಕೋಣೆ, ಒಂದೊಂದಕ್ಕೂ ಬೇರೆ ಬಾಡಿಗೆ ಎಂಬಂಥ ಮಾಹಿತಿಗೆ ಜೇಸನ್ ಒಳ್ಳೆಯದು. ಗಂಟೆಗಟ್ಟಲೆ ಓಡುವ ಕೆಲಸವಾದರೆ ಸಾಲಿಗೊಂದು ಜೇಸನ್ ಬರೆಯಿರಿ. ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗೆ ಬರೆದ ಸಾಲುಗಳನ್ನು ಓದಬಹುದು.

ಕಣ್ಣಿಗೆ ಕಂಡದ್ದೆಲ್ಲ ಯಂತ್ರಕ್ಕೆ ತಿಳಿಯುವುದಿಲ್ಲ ಎಂಬುದು ಕನ್ನಡಿಗರಿಗೆ ಹಳೆಯ ಅನುಭವ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಾದ ಕಡತ ಪರದೆಯ ಮೇಲೆ ಚೆಂದದ ಕನ್ನಡ. ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಅರ್ಥವಿಲ್ಲದ ಗೀಚು. ಯೂನಿಕೋಡ್‌ನಲ್ಲಿ ಹೆಸರು ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡ ಇದೆ. ಆದರೂ ಹಳೆಯ ಕಡತಗಳನ್ನು ಪರಿವರ್ತಕಕ್ಕೆ ಹಾಕುವ ಕೆಲಸ ಇನ್ನೂ ತಪ್ಪಿಲ್ಲ.

ಇದರ ತದ್ವಿರುದ್ಧ ಪೈಥಾನ್‌ನಲ್ಲಿದೆ. ಅದರ ಜೇಸನ್ ಲೈಬ್ರರಿ ತಾನಾಗಿ ‘ಕನ್ನಡ’ ಎಂಬ ಪದವನ್ನು ಸಂಕೇತಗಳ ಸಾಲಾಗಿ ಬರೆಯುತ್ತದೆ. ನಮಗೆ ಅದು ಕಸ, ಓದುವ ಪ್ರೋಗ್ರಾಂಗೆ ಶುದ್ಧ ಕನ್ನಡ. ಅಕ್ಷರಗಳೇ ಕಾಣಬೇಕೆಂದರೆ ‘ಎನ್‌ಶೂರ್ ಆಸ್ಕಿ’ ಆಯ್ಕೆಯನ್ನು ‘ಫಾಲ್ಸ್’ ಮಾಡಿದರಾಯಿತು.

ಹೀಗೆ ಕಣ್ಣಿನ ಓದು ಬೇರೆ, ಯಂತ್ರದ ಓದು ಬೇರೆ ಆದ್ದರಿಂದ, ಒಂದೇ ಔಟ್‌ಪುಟ್ ಇಬ್ಬರಿಗೂ ಸಾಲದು. ನಾವೆಲ್ಲ ಬಳಸುವ ಗಿಟ್ ಇದನ್ನು ಒಪ್ಪಿಕೊಂಡಿದೆ. ‘ಗಿಟ್ ಸ್ಟೇಟಸ್’ ಎಂದರೆ ಮನುಷ್ಯರಿಗೆ ವಿವರಣೆ. ‘ಪೋರ್ಸಲೇನ್’ ಆಯ್ಕೆ ಸೇರಿಸಿದರೆ ಸ್ಕ್ರಿಪ್ಟ್‌ಗಳಿಗೆ ಚುಟುಕಾದ ರೂಪ. ಆವೃತ್ತಿ ಬದಲಾದರೂ ಈ ರೂಪ ಬದಲಾಗದು ಎಂಬುದು ಅದರ ಭರವಸೆ. ಕಡತದ ಹೆಸರು ಕನ್ನಡದಲ್ಲಿದ್ದರೆ ಗಿಟ್ ಸಾಮಾನ್ಯವಾಗಿ ಅಂಕಿಗಳ ಸಂಕೇತ ತೋರಿಸುತ್ತದೆ. ‘ಝಡ್’ ಆಯ್ಕೆಯನ್ನೂ ಕೊಟ್ಟರೆ ಹೆಸರು ಇದ್ದಂತೆಯೇ ಬರುತ್ತದೆ.

ನಿಮ್ಮ ಪ್ರಾಜೆಕ್ಟ್‌ನಲ್ಲೂ ಹೀಗೆ ಮಾಡಬಹುದು. ನೋಡಲು ಕೋಷ್ಟಕ ಇರಲಿ, ಜೊತೆಗೊಂದು ಜೇಸನ್ ಆಯ್ಕೆ ಕೊಡಿ. ‘ಓದುತ್ತಿದ್ದೇನೆ, ಕಾಯಿರಿ’ ಎಂಬಂಥ ಸಂದೇಶ ಮತ್ತು ದೋಷಗಳನ್ನು ಮಾಹಿತಿಯೊಂದಿಗೆ ಬೆರೆಸದೆ ಸ್ಟ್ಯಾಂಡರ್ಡ್ ಎರರ್‌ಗೆ ಕಳಿಸಿ. ‘ಬಾಡಿಗೆ’ ಎಂದು ಹೆಸರಿಟ್ಟ ಮೇಲೆ ಮುಂದಿನ ತಿಂಗಳು ಅದನ್ನು ‘ದರ’ ಎಂದು ಬದಲಿಸಬೇಡಿ; ಅದನ್ನೇ ನಂಬಿದ ಇನ್ನೊಬ್ಬರ ಪ್ರೋಗ್ರಾಂ ಅಲ್ಲಿಗೇ ನಿಂತುಹೋಗುತ್ತದೆ. ಕೊನೆಗೆ ಇನಿಷಿಯಲ್ ಇರುವ ಹೆಸರು, ಅಲ್ಪವಿರಾಮವಿರುವ ವಿಳಾಸ, ಒಂದು ಕನ್ನಡ ಪದ ಈ ಮೂರನ್ನೂ ಹಾಕಿ ಪರೀಕ್ಷಿಸಿ. ಸಂದರ್ಶನದಲ್ಲಿ ಯಾರಾದರೂ ‘ಈ ರೂಪವನ್ನೇ ಏಕೆ ಆರಿಸಿಕೊಂಡಿರಿ?’ ಎಂದು ಕೇಳಿದರೆ, ಮಾಡಿ ನೋಡಿದವರ ಬಳಿ ಹೇಳಲು ಉತ್ತರವಿರುತ್ತದೆ.