ಎಲೆ ಚಹಾದ ರುಚಿಯನ್ನು ಅರಿಯುವ ಬಗೆ

ಮನೆಗೆ ಬಂದವರಿಗೆ ಮೊದಲು ನೀರು ಕೊಟ್ಟು, ಆ ಬಳಿಕ ಕಾಫಿಯೋ ಟೀಯೋ ಎಂದು ಕೇಳುವುದು ಮೈಸೂರು ಸೀಮೆಯ ವಾಡಿಕೆ. ಕಾಫಿಯ ವಿಷಯದಲ್ಲಿ ನಮ್ಮವರ ನಾಲಗೆ ಬಹಳ ಚುರುಕಾದುದು. ಚಿಕೋರಿ ಎಷ್ಟು ಬೆರೆತಿದೆ, ಡಿಕಾಕ್ಷನ್ ಈಗಿನದೋ ಬೆಳಗಿನದೋ ಎಂಬುದನ್ನು ಒಂದೇ ಗುಟುಕಿನಲ್ಲಿ ಹೇಳಬಲ್ಲ ಹಿರಿಯರು ಬೀದಿಗೊಬ್ಬರಾದರೂ ಇದ್ದಾರೆ. ಚಹಾದ ಮಾತು ಬಂದಾಗ ಮಾತ್ರ ಈ ವಿವೇಚನೆ ಕಾಣುವುದಿಲ್ಲ. "ಸ್ಟ್ರಾಂಗ್ ಆಗಿದೆ", "ನೀರಾಗಿದೆ" ಎಂಬ ಎರಡು ಮಾತುಗಳಲ್ಲಿ ನಮ್ಮ ವಿಮರ್ಶೆಯೆಲ್ಲ ಮುಗಿದುಹೋಗುತ್ತದೆ. ಹಾಲು, ಸಕ್ಕರೆ, ಶುಂಠಿ, ಏಲಕ್ಕಿಗಳ ನಡುವೆ ಚಹಾದ ಎಲೆಗೆ ತನ್ನದೇ ಆದ ರುಚಿಯೊಂದು ಇದೆಯೆಂಬುದು ಮರೆತೇಹೋದಂತಿದೆ.

ನಾವು ವಾಸಿಸುವ ಮೈಸೂರಿನ ಕೆಸರೆಯಿಂದ ಹೊರಟು, ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿದರೆ ನಾಲ್ಕೈದು ಗಂಟೆಗಳಲ್ಲಿ ನೀಲಗಿರಿಯ ಚಹಾ ತೋಟಗಳು ಎದುರಾಗುತ್ತವೆ. ಜಗತ್ತಿನ ಹೆಸರಾಂತ ಕಪ್ಪು ಚಹಾಗಳಲ್ಲೊಂದು ಇಷ್ಟು ಹತ್ತಿರದಲ್ಲಿ ಬೆಳೆಯುತ್ತಿದ್ದರೂ ಅದರ ಇಡೀ ಎಲೆಯ ರುಚಿಯನ್ನು ಬಲ್ಲ ಮನೆಗಳು ನಮ್ಮಲ್ಲಿ ವಿರಳ. ಈ ರುಚಿಯನ್ನು ಅರಿಯುವುದು ಸಿರಿವಂತರ ಶೋಕಿಯೇನೂ ಅಲ್ಲ. ಅದನ್ನು ಯಾವ ಮನೆಯಲ್ಲಿಯಾದರೂ ಕಲಿಯಬಹುದು. ಕಲಿತರೆ ಅದರಿಂದ ನಮಗಷ್ಟೇ ಅಲ್ಲದೆ ಬೆಳೆದವರಿಗೂ ಹಿತವುಂಟು ಎಂಬುದು ಈ ಲೇಖನದ ಆಶಯ.

ನೀಲಗಿರಿಯೂ ನಮ್ಮವರೂ

1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ನೀಲಗಿರಿಯು ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದ ನಾಡು. ಅಲ್ಲಿನ ಬಡಗ ಜನರ ಹೆಸರೇ ಅವರು ಬಡಗಣ ದಿಕ್ಕಿನಿಂದ, ಎಂದರೆ ಮೈಸೂರು ಸೀಮೆಯ ಕಡೆಯಿಂದ, ಬೆಟ್ಟವೇರಿದವರೆಂದು ಸಾರುತ್ತದೆ. ಅವರ ನುಡಿ ಕನ್ನಡಕ್ಕೆ ತೀರ ಸಮೀಪದ್ದು. ಅವರಲ್ಲಿ ಒಡೆಯರೆಂದು ಕರೆಯಿಸಿಕೊಳ್ಳುವ ಪಂಗಡದವರು ಲಿಂಗಾಯತ ಸಂಪ್ರದಾಯದವರೆಂದು ಬಡಗರ ಬಗೆಗೆ ದೀರ್ಘಕಾಲ ಅಧ್ಯಯನ ನಡೆಸಿದ ಪಾಲ್ ಹಾಕಿಂಗ್ಸ್ ಮುಂತಾದ ವಿದ್ವಾಂಸರು ಬರೆದಿದ್ದಾರೆ.

ಈ ಬೆಟ್ಟಗಳಲ್ಲಿ ಚಹಾ ಸಸಿಗಳ ಪ್ರಯೋಗ ನಡೆದದ್ದು 1830ರ ದಶಕದಲ್ಲಿ, ಕೇತಿ ಮತ್ತು ಕೂನೂರಿನ ಆಸುಪಾಸಿನಲ್ಲಿ. ಕೆಲವು ದಶಕಗಳ ಬಳಿಕ ಅದು ವ್ಯಾಪಾರದ ಬೆಳೆಯಾಯಿತು. ಮೊದಲು ಆಂಗ್ಲರ ದೊಡ್ಡ ತೋಟಗಳಿಗೆ ಮೀಸಲಾಗಿದ್ದ ಚಹಾ, ಸ್ವಾತಂತ್ರ್ಯಾನಂತರ ಬಡಗರ ಸಣ್ಣ ಹಿಡುವಳಿಗಳಿಗೂ ಹಬ್ಬಿತು. ಇಂದು ಅಲ್ಲಿ ಸಾವಿರಾರು ಸಂಸಾರಗಳು ಒಂದೆರಡು ಎಕರೆಯಲ್ಲಿ ಚಹಾ ಬೆಳೆದು, ಹಸಿ ಎಲೆಯನ್ನು ಕಾರ್ಖಾನೆಗಳಿಗೆ ಮಾರಿ ಬದುಕುತ್ತಿವೆ. ನಮ್ಮ ರಾಜ್ಯದಲ್ಲಿಯೂ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿ, ಕೊಡಗಿನ ದಕ್ಷಿಣ ಭಾಗದಲ್ಲಿ ಚಹಾ ತೋಟಗಳುಂಟು. ಆದರೆ ಕಾಫಿಯ ಮುಂದೆ ಅವುಗಳ ವಿಸ್ತಾರ ಅತ್ಯಲ್ಪ.

ಎಲೆ ಮತ್ತು ಹರಳು

ಕಪ್ಪು ಚಹಾ, ಹಸಿರು ಚಹಾ ಎರಡೂ ಒಂದೇ ಗಿಡದವು. ವ್ಯತ್ಯಾಸವೆಲ್ಲ ಎಲೆಯನ್ನು ಹದಗೊಳಿಸುವ ಕ್ರಮದಲ್ಲಿದೆ. ಒಂದು ಕುಡಿ, ಎರಡು ಎಲೆ ಎಂಬ ಲೆಕ್ಕದಲ್ಲಿ ಕಿತ್ತ ಸೊಪ್ಪನ್ನು ಮೊದಲು ಹನ್ನೆರಡರಿಂದ ಹದಿನೆಂಟು ಗಂಟೆಗಳ ಕಾಲ ಗಾಳಿಯಲ್ಲಿ ಬಾಡಿಸುತ್ತಾರೆ. ಬಳಿಕ ಅದನ್ನು ಹೊಸೆದು ಸುರುಳಿ ಮಾಡುತ್ತಾರೆ. ಹೊಸೆದಾಗ ಎಲೆಯ ರಸ ಹೊರಬಂದು ಗಾಳಿಯೊಡನೆ ಕೂಡುತ್ತದೆ. ಹೆಚ್ಚಿದ ಬದನೆಕಾಯಿ ಕಪ್ಪಾಗುವಂತೆ ಎಲೆಯೂ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಚಹಾದ ಹೊಳಪು, ಕೆಂಪು, ಒಗರು ಇವೆಲ್ಲ ಮೈದಾಳುವುದು ಈ ಘಟ್ಟದಲ್ಲಿಯೇ. ಹೊಳಪಿಗೂ ಚುರುಕಿಗೂ ಕಾರಣವಾದ ವಸ್ತುವನ್ನು ಥಿಯಾಫ್ಲೇವಿನ್ ಎಂದೂ, ಕೆಂಪುಬಣ್ಣಕ್ಕೂ ತುಂಬುತನಕ್ಕೂ ಕಾರಣವಾದುದನ್ನು ಥಿಯಾರುಬಿಜಿನ್ ಎಂದೂ ರಸಾಯನಶಾಸ್ತ್ರಜ್ಞರು ಹೆಸರಿಸಿದ್ದಾರೆ. ಕೊನೆಗೆ ಬಿಸಿಗಾಳಿಯಲ್ಲಿ ಒಣಗಿಸಿ ಈ ಬದಲಾವಣೆಯನ್ನು ನಿಲ್ಲಿಸುತ್ತಾರೆ. ಒಂದು ಕಿಲೊ ಸಿದ್ಧ ಚಹಾಕ್ಕೆ ನಾಲ್ಕು ಕಿಲೊಗಿಂತ ಹೆಚ್ಚು ಹಸಿ ಎಲೆ ಬೇಕಾಗುತ್ತದೆ. ಈ ಹಳೆಯ ಕ್ರಮಕ್ಕೆ ಆರ್ಥೊಡಾಕ್ಸ್ ಎಂದು ಹೆಸರು.

1930ರ ದಶಕದ ಆರಂಭದಲ್ಲಿ ಅಸ್ಸಾಮಿನಲ್ಲಿ ಮತ್ತೊಂದು ಯಂತ್ರ ಬಂತು. ಅದು ಎಲೆಯನ್ನು ಜಜ್ಜಿ, ಹರಿದು, ಸಾಸಿವೆಯಂತಹ ಹರಳುಗಳನ್ನಾಗಿ ಮಾಡುತ್ತದೆ. ಇದೇ ಸಿ.ಟಿ.ಸಿ. ಚಹಾ. ಬೇಗ ಬಣ್ಣ ಬಿಡುವುದು, ಹಾಲಿಗೆ ತಡೆಯುವುದು, ಕಡಿಮೆ ಪುಡಿಯಲ್ಲಿ ಹೆಚ್ಚು ಲೋಟ ಆಗುವುದು ಇದರ ಗುಣ. ಭಾರತದ ಚಹಾದಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಇಂದು ಇದೇ ಆಗಿದೆ. ಹಾಲು ಸಕ್ಕರೆ ಬೆರೆಸಿ ಕುದಿಸುವ ನಮ್ಮ ಟೀಗೆ ಇದು ಹೊಂದುತ್ತದೆಯೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಎಲೆಯ ಕಂಪನ್ನು ಬಯಸುವವರು ಇಡೀ ಎಲೆಯ ಚಹಾವನ್ನೇ ಆಶ್ರಯಿಸಬೇಕು.

ಅಂಗಡಿಯಲ್ಲಿ ಡಬ್ಬಿಯ ಮೇಲೆ ಒ.ಪಿ., ಎಫ್.ಒ.ಪಿ., ಬಿ.ಒ.ಪಿ. ಎಂಬ ಅಕ್ಷರಗಳು ಕಾಣುತ್ತವೆ. ಒ.ಪಿ. ಎಂದರೆ ಆರೆಂಜ್ ಪೀಕೊ. ಇದಕ್ಕೂ ಕಿತ್ತಳೆಹಣ್ಣಿಗೂ ಯಾವ ಸಂಬಂಧವೂ ಇಲ್ಲ. ಅದು ಉದ್ದನೆಯ ಇಡೀ ಎಲೆಯ ಹೆಸರು. ಕುಡಿಗಳು ಸೇರಿದ್ದರೆ ಎಫ್., ಎಲೆ ಮುರಿದಿದ್ದರೆ ಬಿ. ಎಂಬ ಅಕ್ಷರ ಮುಂದೆ ಬರುತ್ತದೆ. ಅದಕ್ಕೂ ಸಣ್ಣದು ಫ್ಯಾನಿಂಗ್ಸ್, ಕಡೆಯದು ಡಸ್ಟ್. ಈ ಅಕ್ಷರಗಳು ಹೇಳುವುದು ಮುಖ್ಯವಾಗಿ ಎಲೆಯ ಗಾತ್ರವನ್ನು. ರುಚಿಯ ತೀರ್ಮಾನ ನಾಲಗೆಯದೇ.

ಬಸಿಯುವ ಕ್ರಮ

ರುಚಿ ನೋಡುವ ವೃತ್ತಿಯವರಿಗೆ ಒಂದು ನಿಯಮವಿದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1980ರಲ್ಲಿ ಗೊತ್ತುಪಡಿಸಿದಂತೆ, 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಚಹಾ ಹಾಕಿ, ಪಿಂಗಾಣಿ ಪಾತ್ರೆಯಲ್ಲಿ ಮುಚ್ಚಿ, 6 ನಿಮಿಷ ಬಿಡಬೇಕು. ಚಹಾದ ದೋಷಗಳೆಲ್ಲ ಎದ್ದುಕಾಣಲಿ ಎಂಬುದಕ್ಕಾಗಿ ಇಷ್ಟು ಗಾಢವಾಗಿ ಬಸಿಯುತ್ತಾರೆ. ಮನೆಯಲ್ಲಿ ಕುಡಿಯಲು ಇದು ಹೆಚ್ಚಾಯಿತು. 200 ಮಿಲಿಲೀಟರ್ ನೀರಿಗೆ ಎರಡೂವರೆ ಗ್ರಾಂ, ಎಂದರೆ ಸಡಿಲವಾದ ಇಡೀ ಎಲೆಯಾದರೆ ತುಂಬಿದ ಒಂದು ದೊಡ್ಡ ಚಮಚ, ಮೂರರಿಂದ ನಾಲ್ಕು ನಿಮಿಷ ಸಾಕು.

ಎಲೆಯನ್ನು ಒಲೆಯ ಮೇಲೆ ಕುದಿಸಬಾರದು. ಕುದಿಸಿದರೆ ಕಂಪು ಹಬೆಯಾಗಿ ಹೋಗಿ, ಕಹಿ ಮಾತ್ರ ಉಳಿಯುತ್ತದೆ. ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆದು, ಎಲೆ ಹಾಕಿ, ಆಗತಾನೇ ಕುದಿಬಂದ ನೀರನ್ನು ಮೇಲೆ ಸುರಿದು ಮುಚ್ಚಬೇಕು. ಹೊತ್ತಾದ ಕೂಡಲೇ ಎಲೆ ಉಳಿಯದಂತೆ ಸೋಸಿಬಿಡಬೇಕು. ಡಾರ್ಜಿಲಿಂಗಿನ ವಸಂತದ ಎಲೆಗೆ ಮಾತ್ರ ಕುದಿ ಇಳಿದು ಒಂದೆರಡು ನಿಮಿಷ ಆರಿದ ನೀರು ಹಿತ. ಒಳ್ಳೆಯ ಎಲೆಯನ್ನು ಎರಡನೆಯ ಬಾರಿಯೂ ಬಸಿಯಬಹುದು. ಆಗ ಒಂದು ನಿಮಿಷ ಹೆಚ್ಚು ಬಿಟ್ಟರಾಯಿತು.

ನೀರಿನ ಪಾತ್ರವೂ ಕಡಿಮೆಯದಲ್ಲ. ಒಂದೇ ಎಲೆಯನ್ನು ನಲ್ಲಿಯ ಕಾವೇರಿ ನೀರಿನಲ್ಲಿಯೂ ಕೊಳವೆಬಾವಿಯ ಗಡಸು ನೀರಿನಲ್ಲಿಯೂ ಬಸಿದು ಅಕ್ಕಪಕ್ಕ ಇಟ್ಟು ನಾವು ನೋಡಿದ್ದೇವೆ. ಮೊದಲನೆಯದು ತಿಳಿಯಾಗಿ ಹೊಳೆಯುತ್ತಿತ್ತು. ಎರಡನೆಯದು ಮಂಕಾಗಿ, ಮೇಲೆ ತೆಳುವಾದ ಕೆನೆಯಂತಹ ಪೊರೆ ಕಟ್ಟಿತ್ತು. ನೀರಿನಲ್ಲಿರುವ ಸುಣ್ಣದ ಅಂಶವು ಚಹಾದ ಸಾರದೊಡನೆ ಕೂಡಿ ಈ ಪೊರೆಯಾಗುತ್ತದೆ. ದುಬಾರಿಯ ಎಲೆ ತಂದು ಗಡಸು ನೀರಿನಲ್ಲಿ ಹಾಕುವುದು ಹಣವನ್ನು ನೀರಿಗೆ ಹಾಕಿದಂತೆಯೇ ಸರಿ.

ನಾಲಗೆಗೆ ಕನ್ನಡದ ಮಾತು

ಚಹಾದ ರುಚಿಯನ್ನು ಹೇಳಲು ಇಂಗ್ಲಿಷಿನ ಪದಗಳೇ ಬೇಕೆಂಬ ಭಾವನೆ ಕೆಲವರಲ್ಲಿದೆ. ನಮ್ಮ ಅಡುಗೆಮನೆಯ ಕನ್ನಡ ಅದಕ್ಕೆ ಧಾರಾಳವಾಗಿ ಸಾಲುತ್ತದೆ. ಮುಖ್ಯವಾಗಿ, ಕಹಿಗೂ ಒಗರಿಗೂ ಇರುವ ಭೇದವನ್ನು ನಮ್ಮ ಮಕ್ಕಳೂ ಬಲ್ಲರು. ಹಾಗಲದ್ದು ಕಹಿ, ನೆಲ್ಲಿಕಾಯಿ, ಬಾಳೆಕಾಯಿ, ಎಳೆಯ ಅಡಿಕೆಗಳದ್ದು ಒಗರು. ಒಗರು ನಾಲಗೆಯ ರುಚಿಗಿಂತ ಬಾಯೊಳಗಿನ ಸ್ಪರ್ಶ. ಬಾಯನ್ನು ಹಿಡಿದಂತೆ ಮಾಡಿ ಬಿಡುತ್ತದೆ. ಒಳ್ಳೆಯ ಚಹಾದಲ್ಲಿ ಒಗರು ಹಿತವಾಗಿರುತ್ತದೆ, ಕಹಿ ಹಿಂದೆ ನಿಲ್ಲುತ್ತದೆ. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುವಂತಹ ತೆಳುವಾದ ಸಿಹಿ ಗುಟುಕಿನ ಬಳಿಕ ಗಂಟಲಲ್ಲಿ ಉಳಿಯುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಕೆಸರೆಯ ನಮ್ಮ ಮನೆಯಲ್ಲಿ ನೆರೆಹೊರೆಯ ನಾಲ್ಕಾರು ಮಂದಿ ಸೇರಿ ಮೂರು ಬಗೆಯ ಎಲೆಗಳನ್ನು ಬಸಿದು, ಹಾಲು ಸಕ್ಕರೆ ಬೆರೆಸದೆ ಬಿಳಿಯ ಬಟ್ಟಲುಗಳಲ್ಲಿ ಸಾಲಾಗಿ ಇಟ್ಟೆವು. ಯಾವುದು ಯಾವ ಊರಿನದೆಂದು ಯಾರಿಗೂ ಹೇಳಲಿಲ್ಲ. ಅಸ್ಸಾಮಿನ ಎಲೆ ಗಾಢ ಕೆಂಪು. ಕಾಫಿಯನ್ನಲ್ಲದೆ ಬೇರೇನನ್ನೂ ಮೆಚ್ಚದ ನೆರೆಮನೆಯ ಅಜ್ಜಿಯವರು ಅದನ್ನು ಮೂಸಿ, "ಇದೇನಮ್ಮ, ಮೊಳಕೆ ರಾಗಿ ಹುರಿದ ಹಾಗೆ ಘಮ್ಮೆನ್ನುತ್ತದಲ್ಲ!" ಎಂದರು. ಅಸ್ಸಾಮಿನ ಚಹಾದಲ್ಲಿ ಮಾಲ್ಟಿನ ವಾಸನೆ ಇದೆಯೆಂದು ವೃತ್ತಿಪರರು ಹೇಳುತ್ತಾರೆ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯವೇ ಅಲ್ಲವೆ! ಪುಸ್ತಕ ಓದದ ಅಜ್ಜಿಯವರ ಮೂಗು ಅದೇ ಮಾತನ್ನು ಆಡಿತ್ತು.

ಎರಡನೆಯದು ಡಾರ್ಜಿಲಿಂಗಿನ ಬೇಸಿಗೆಯ ಎಲೆ. ಬಣ್ಣ ತೆಳು ತಾಮ್ರ. ಮಾಗಿದ ದ್ರಾಕ್ಷಿಯ ನೆನಪು ತರುವ ಕಂಪು. ಮೇ, ಜೂನ್ ತಿಂಗಳುಗಳಲ್ಲಿ ಒಂದು ಜಾತಿಯ ಸಣ್ಣ ಕೀಟಗಳು ಎಲೆಯ ರಸ ಹೀರುತ್ತವೆ. ಅವನ್ನು ತಡೆಯಲೆಂದು ಗಿಡ ತನ್ನೊಳಗೆ ಮಾಡಿಕೊಳ್ಳುವ ಬದಲಾವಣೆಯೂ ಈ ಕಂಪಿಗೆ ಒಂದು ಕಾರಣ. ಮೂರನೆಯದು ನಮ್ಮ ನೀಲಗಿರಿಯ ಚಳಿಗಾಲದ ಎಲೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಬೆಟ್ಟದ ಮೇಲೆ ಇಬ್ಬನಿ ಹೆಪ್ಪುಗಟ್ಟುವ ದಿನಗಳಲ್ಲಿ ಗಿಡ ನಿಧಾನವಾಗಿ ಬೆಳೆಯುವುದರಿಂದ ಎಲೆಯಲ್ಲಿ ಕಂಪು ಸಾಂದ್ರವಾಗುತ್ತದೆ. ಬಟ್ಟಲಿನಲ್ಲಿ ಹೊನ್ನಿನ ಹೊಳಪು, ಹೂವಿನ ತೆಳುಗಂಪು, ಕೊನೆಯಲ್ಲಿ ನಿಂಬೆಯ ಸಿಪ್ಪೆ ಹಿಚುಕಿದಂತಹ ಒಂದು ಚುರುಕು. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಇದಕ್ಕೆ "ಜಡೆಯಲ್ಲಿನ ಮಲ್ಲಿಗೆ, ಸಂಜೆಗೆ ಬಾಡಿದಾಗ" ಎಂದು ಹೆಸರಿಟ್ಟಳು. ಬಂದವರಲ್ಲಿ ಹೆಚ್ಚಿನವರು ಮೆಚ್ಚಿದ್ದೂ ಈ ಮೂರನೆಯ ಬಟ್ಟಲನ್ನೇ. ಅದು ನೀಲಗಿರಿಯದೆಂದು ತಿಳಿದಾಗ ಅವರಿಗಾದ ಅಚ್ಚರಿ ಸಣ್ಣದಲ್ಲ.

ರುಚಿ ನೋಡುವಾಗ ಮೊದಲು ಒಣ ಎಲೆಯನ್ನು, ಬಳಿಕ ಬಸಿದ ಎಲೆಯನ್ನು ಮೂಸಬೇಕು. ಆಮೇಲೆ ಬಿಸಿ ಹುಳಿಸಾರನ್ನು ಸೊರ್ರೆಂದು ಹೀರುವಂತೆ, ಗಾಳಿಯೊಡನೆ ಹೀರಬೇಕು. ಊಟದ ಪಂಕ್ತಿಯಲ್ಲಿ ಇದು ಮರ್ಯಾದೆಯಲ್ಲವಾದರೂ, ಕಂಪು ಬಾಯಿಯಿಂದ ಮೂಗಿಗೆ ಏರಲು ಇದೇ ದಾರಿ. ಅಗರಬತ್ತಿ ಹಚ್ಚಿದ ಕೋಣೆ, ಒಗ್ಗರಣೆಯ ಹೊತ್ತು, ಬಾಯಲ್ಲಿ ವೀಳ್ಯ ಇವು ಮೂರೂ ಈ ಕೆಲಸಕ್ಕೆ ಆಗದು.

ಗೃಹಿಣಿಯರಿಗೆ ಕೆಲವು ಸೂಚನೆಗಳು

ಚಹಾ ಎಲೆ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಇಂಗು, ಸಾರಿನಪುಡಿ, ಕಾಫಿಪುಡಿಗಳಿಂದ ದೂರ, ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡಿರಿ. ಒಮ್ಮೆಗೆ 100 ಗ್ರಾಂ ಮಾತ್ರ ಕೊಳ್ಳಿರಿ. ಎರಡೂವರೆ ಗ್ರಾಂ ಲೆಕ್ಕದಲ್ಲಿ ಅದರಿಂದ ನಲವತ್ತು ಬಟ್ಟಲು ಆಗುತ್ತದೆ.

ಕಲಬೆರಕೆಯ ಪರೀಕ್ಷೆ ಸುಲಭ. ಸೋಸುಕಾಗದದ ಮೇಲೆ ಸ್ವಲ್ಪ ಚಹಾ ಹರಡಿ, ನೀರು ಚಿಮುಕಿಸಿ ಒದ್ದೆಮಾಡಿ. ಕೊಂಚ ಹೊತ್ತಿನ ಬಳಿಕ ಎಲೆ ತೆಗೆದು, ಕಾಗದವನ್ನು ನಲ್ಲಿಯಡಿ ತೊಳೆದು ಬೆಳಕಿಗೆ ಹಿಡಿಯಿರಿ. ಕಪ್ಪುಕಂದು ಕಲೆಗಳು ಉಳಿದರೆ, ಬಳಸಿ ಎಸೆದ ಎಲೆಗೆ ಬಣ್ಣ ಕಟ್ಟಿದ್ದಾರೆಂದು ಸಂಶಯಿಸಬೇಕು. ಇಡೀ ಎಲೆಯಲ್ಲಿ ಇಂತಹ ಮೋಸವನ್ನು ಮರೆಮಾಚುವುದು ಕಷ್ಟ. ನೆನೆದ ಎಲೆ ಬಿಚ್ಚಿಕೊಂಡು ತನ್ನ ಗುರುತನ್ನು ತಾನೇ ಹೇಳುತ್ತದೆ.

ಊಟದೊಡನೆ ಚಹಾ ಬೇಡ. ಸೊಪ್ಪು, ಕಾಳುಗಳಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ. ರಕ್ತಹೀನತೆಯುಳ್ಳ ಹೆಣ್ಣುಮಕ್ಕಳು ಊಟವಾಗಿ ಒಂದು ಗಂಟೆಯಾದರೂ ಕಳೆದ ಮೇಲೆ ಕುಡಿಯುವುದು ಒಳ್ಳೆಯದು.

ಬಟ್ಟಲಿನ ಆಚೆ

ಇಷ್ಟೆಲ್ಲ ನಾಲಗೆಯ ಸುಖಕ್ಕಾಗಿ ಮಾತ್ರವೇ ಎಂದು ಕೆಲವರು ಕೇಳಬಹುದು. ನೀಲಗಿರಿಯ ಚಹಾವನ್ನು ಹೇರಳವಾಗಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. ಆ ದಶಕದ ಕೊನೆಗೆ ಬೆಲೆ ಕುಸಿದು ಸಣ್ಣ ಬೆಳೆಗಾರರು ತತ್ತರಿಸಿದರು. 2023ರಲ್ಲಿಯೂ ಹಸಿ ಎಲೆಗೆ ನ್ಯಾಯವಾದ ಬೆಲೆ ಬೇಕೆಂದು ಅವರು ಉಪವಾಸ ಕುಳಿತರು. ನೀಲಗಿರಿಯ ಆರ್ಥೊಡಾಕ್ಸ್ ಚಹಾಕ್ಕೆ 2008ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ, ನಿಜ. ಆದರೆ ಮುದ್ರೆಯೊಂದೇ ಬೆಲೆ ತರುವುದಿಲ್ಲ. ಕೊಳ್ಳುವವನು ಬಣ್ಣವನ್ನಷ್ಟೇ ಕೇಳಿದರೆ, ಬೆಳೆಯುವವನು ಎಳೆಯದು ಬಲಿತದ್ದು ಎನ್ನದೆ ಕತ್ತರಿಯಲ್ಲಿ ಕತ್ತರಿಸಿ ತೂಕಕ್ಕೆ ಹಾಕುತ್ತಾನೆ. ಅದರಲ್ಲಿ ಅವನ ತಪ್ಪಿಲ್ಲ. ಕುಡಿ ಆರಿಸಿ ಕೈಯಲ್ಲಿ ಕೀಳುವ ಶ್ರಮಕ್ಕೆ ಕೂಲಿ ಸಿಗಬೇಕಾದರೆ, ಆ ಶ್ರಮವನ್ನು ಬಟ್ಟಲಿನಲ್ಲಿ ಗುರುತಿಸಬಲ್ಲ ನಾಲಗೆಗಳು ಬೇಕು.

ದಿನದ ಹಾಲು ಟೀಯನ್ನು ಯಾರೂ ಬಿಡಬೇಕಾಗಿಲ್ಲ. ವಾರಕ್ಕೊಮ್ಮೆ ಮನೆಮಂದಿಯೆಲ್ಲ ಕುಳಿತು ಒಂದು ಒಳ್ಳೆಯ ಎಲೆಯನ್ನು ಬಸಿದು, ಅದರ ಕಂಪಿಗೆ ತಮಗೆ ತೋಚಿದ ಹೆಸರಿಟ್ಟು ಕುಡಿದರೆ ಸಾಕು. ಮಕ್ಕಳಿಗೆ ಒಂದೇ ಗುಟುಕು ಕೊಟ್ಟು ಅಭಿಪ್ರಾಯ ಕೇಳಿರಿ. ಬೆಟ್ಟದಾಚೆಯ ನಮ್ಮವರ ದುಡಿಮೆಗೆ ಬೆಲೆ ಕಟ್ಟುವುದು ಅಲ್ಲಿಂದಲೇ ಆರಂಭವಾಗುತ್ತದೆ.