ಶಾಲೆ ಬಿಟ್ಟಿದ್ದು ಯಾಕೆ?

ಬಾಲನ್ಯಾಯ ಮಂಡಳಿಯ ಕೊಠಡಿಯಲ್ಲಿ ಕಟಕಟೆ ಇಲ್ಲ. ಎತ್ತರದ ಪೀಠವೂ ಇರಕೂಡದು ಎನ್ನುತ್ತವೆ 2016ರ ಮಾದರಿ ನಿಯಮಗಳು. ಒಂದು ಮೇಜು, ಅದರಾಚೆ ಮ್ಯಾಜಿಸ್ಟ್ರೇಟರು, ಅಕ್ಕಪಕ್ಕ ಇಬ್ಬರು ಸಮಾಜ ಕಾರ್ಯಕರ್ತರು. ಹುಡುಗನನ್ನು ಕರೆತಂದ ಪೊಲೀಸರು ಮಫ್ತಿಯಲ್ಲಿದ್ದಾರೆ. ಹೊರಗಿನ ಬೆಂಚಿನ ಮೇಲೆ ಅವನ ತಾಯಿ. ಮನೆಗೆಲಸಕ್ಕೆ ರಜೆ ಹೇಳಿ ಬಂದವಳು, ಆಧಾರ್ ಕಾರ್ಡು, ರೇಷನ್ ಕಾರ್ಡು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಮಡಿಲಿಂದ ಕೆಳಗಿಟ್ಟಿಲ್ಲ.

ಇಂಥ ಮಕ್ಕಳ ಹೆಸರು, ಊರು, ಶಾಲೆ ಯಾವುದನ್ನೂ ಬಹಿರಂಗಪಡಿಸಬಾರದು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ. ಹಾಗಾಗಿ ಇಲ್ಲಿರುವವನು ಹಲವು ಹುಡುಗರ ಚಹರೆ ಕೂಡಿ ಆದವನು. ಹದಿನೈದು ತುಂಬಿದೆ. ಬೀದಿಯಲ್ಲಿ ನಿಲ್ಲಿಸಿದ್ದ ಬೈಕನ್ನು ತನಗಿಂತ ದೊಡ್ಡ ಇಬ್ಬರ ಜೊತೆ ಸೇರಿ ಎತ್ತಿಕೊಂಡು ಹೋದನೆಂಬುದು ಆರೋಪ. ಮಾರಿಲ್ಲ. ಪೆಟ್ರೋಲ್ ಮುಗಿಯುವವರೆಗೆ ಓಡಿಸಿ ಬಿಟ್ಟುಬಂದಿದ್ದಾರೆ.

ಪರಿವೀಕ್ಷಣಾಧಿಕಾರಿಯ ಕೈಯಲ್ಲಿ ನಮೂನೆ 6 ಇದೆ. ಹುಡುಗನ ಮನೆ, ಕೇರಿ, ಗೆಳೆಯರನ್ನೆಲ್ಲ ವಿಚಾರಿಸಿ, ಹದಿನೈದು ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆಯಲ್ಲಿ ಯಾರಿಗೆ ಕುಡಿತವಿದೆ? ತಂದೆ ತಾಯಿ ಹೊಂದಿಕೊಂಡಿದ್ದಾರೆಯೇ? ಗೆಳೆಯರು ಓರಗೆಯವರೋ ದೊಡ್ಡವರೋ? ಪುಟ ತಿರುವಿದರೆ ಶಾಲೆ ಬಿಟ್ಟ ಕಾರಣದ ಅಂಕಣ. ಅದೊಂದೇ ಪುಟಕ್ಕಾಗಿ ಈ ನಮೂನೆಯನ್ನು ಪ್ರತಿಯೊಬ್ಬ ಶಿಕ್ಷಕರೂ ಓದಬೇಕು. ಫೇಲಾದದ್ದು, ದುಡಿಯಬೇಕಾಗಿ ಬಂದದ್ದು ಇದ್ದೇ ಇವೆ. ಅವುಗಳ ಜೊತೆಗೇ ಶಿಕ್ಷಕರ ಅಸಡ್ಡೆ, ಸಹಪಾಠಿಗಳ ಕಾಟ, ಹೊಡೆತ, ಅವಮಾನ, ಬೋಧನಾ ಮಾಧ್ಯಮ ಕೂಡ ಇವೆ.

“ಏಳನೇ ಕ್ಲಾಸ್‌ವರೆಗೂ ಚೆನ್ನಾಗೇ ಹೋಗ್ತಿದ್ದ ಮೇಡಂ,” ಎನ್ನುತ್ತಾಳೆ ತಾಯಿ. “ಎಂಟಕ್ಕೆ ಬಂದ್ಮೇಲೆ ಓದೋಕೆ ಬರಲ್ಲ ಅಂತ ಎಲ್ರ ಮುಂದೆ ಎಬ್ಬಿಸಿ ನಿಲ್ಲಿಸ್ತಿದ್ರಂತೆ. ನಂಗೆ ಹೇಳ್ಲೇ ಇಲ್ಲ. ದಿನಾ ಬ್ಯಾಗ್ ಹಾಕ್ಕೊಂಡು ಹೋಗೋನು. ಸ್ಕೂಲಿಗಲ್ಲ.”

ಬ್ಯಾಗು ಹೋಗುತ್ತಿದ್ದುದು ಗ್ಯಾರೇಜಿಗೆ. ಅಲ್ಲಿ ಅವನನ್ನು ‘ಬಾ ಮಗಾ’ ಎಂದು ಕರೆಯುವವರಿದ್ದರು, ಟೀ ಕೊಡಿಸುವವರಿದ್ದರು. ಮನೆಯಲ್ಲಿ ರಾತ್ರಿಯಾದರೆ ಕುಡಿದು ಬರುವ ಅಪ್ಪ. ಬಾಗಿಲು ಸರಿಸುವ ಸದ್ದಿನಲ್ಲೇ ಇವತ್ತು ಏಟು ಬೀಳುತ್ತದೋ ಇಲ್ಲವೋ ಎಂದು ಅಳೆಯಲು ಅವನು ಕಲಿತಿದ್ದ. ಅದೇ ಮನೆಯಲ್ಲಿ ಬೆಳೆದ ಅಕ್ಕ ಪಿಯುಸಿ ಓದುತ್ತಿದ್ದಾಳೆ. ಬಡತನ, ಕುಡುಕ ಅಪ್ಪ, ಯಾವುದೂ ಒಂಟಿಯಾಗಿ ಮಗುವನ್ನು ಇಲ್ಲಿಗೆ ತಂದು ನಿಲ್ಲಿಸುವುದಿಲ್ಲ. ಒಂದರ ಮೇಲೊಂದು ಬಿದ್ದಾಗ, ಬಿದ್ದದ್ದನ್ನು ಯಾರೂ ಗಮನಿಸದಿದ್ದಾಗ ಕಾಲು ಜಾರುತ್ತದೆ. ಅಕ್ಕನಿಗೆ ಅವಳ ಶಾಲೆಯಲ್ಲಿ ಗಮನಿಸುವ ಟೀಚರೊಬ್ಬರಿದ್ದರು.

ವಯಸ್ಸಿನದೂ ಪಾಲಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿಹರೆಯದವರಿಗೂ ದೊಡ್ಡವರಿಗೂ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟಿದ್ದರು. ಗೆಳೆಯರು ಪಕ್ಕದಲ್ಲಿದ್ದಾಗ ಹುಡುಗ ಹುಡುಗಿಯರು ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಒಬ್ಬನೇ ಇದ್ದಿದ್ದರೆ ನಮ್ಮ ಹುಡುಗ ಆ ಬೈಕಿನ ಹತ್ತಿರವೂ ಸುಳಿಯುತ್ತಿರಲಿಲ್ಲವೇನೋ.

ತಪ್ಪು ಸಾಬೀತಾದರೂ ಮಂಡಳಿಯ ಮುಂದೆ ಹಲವು ದಾರಿಗಳಿವೆ: ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಪರಿವೀಕ್ಷಣೆಯಲ್ಲಿಡಬಹುದು, ಶಾಲೆಗೆ ಹೋಗುವಂತೆ ಆದೇಶಿಸಬಹುದು. ಇವನ ಆದೇಶದಲ್ಲಿ ಶಾಲೆಯಿದೆ. ಕೋರ್ಟಿನ ಕಾಗದಗಳಲ್ಲಿ ಇಷ್ಟು ಒಳ್ಳೆಯ ಸಾಲು ಅಪರೂಪ. ಆದರೆ ಅದನ್ನು ಹಿಡಿದು ಹೈಸ್ಕೂಲಿನ ಮೆಟ್ಟಿಲು ಹತ್ತುವವರು ಬೇಕಲ್ಲ.

ಅಧಿಕಾರಿಯೇ ಹತ್ತಿದ್ದಾರೆ. ಹೆಡ್‌ಮಾಸ್ಟರು ಆದೇಶವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಡುತ್ತಾರೆ.

“ಬೇರೆ ಪೋಷಕರು ಕೇಳಿದ್ರೆ ಏನು ಹೇಳ್ಲಿ ಮೇಡಂ?”

“ಏನೂ ಹೇಳ್ಬೇಡಿ ಸಾರ್. ಕೇಸಿನ ವಿಷಯ ಹೊರಗೆ ಹೋಗೋ ಹಾಗೇ ಇಲ್ಲ. ಆದ್ರೆ ಅವ್ನು ಎರಡು ದಿನ ಬರ್ಲಿಲ್ಲ ಅಂದ್ರೆ ನಂಗೊಂದು ಫೋನ್ ಮಾಡಿ.”